ಯುದ್ಧ ನಿಂತ ಊರಿನಲ್ಲಿ ಹೆಂಗಸರಿಗೆ ಸಾಲ: ಯಾವಾಗ ಆಸರೆ, ಯಾವಾಗ ಉರುಳು?

2025ರ ಶುರುವಿನಲ್ಲಿ ಕರ್ನಾಟಕದಲ್ಲಿ ಮೈಕ್ರೋಫೈನಾನ್ಸ್ (ಕಿರುಸಾಲ) ಅಂದರೆ ಜನ ಬೆಚ್ಚಿಬೀಳುವ ಹಾಗಾಗಿತ್ತು. ವಸೂಲಿಗೆ ಬಂದವರು ಮನೆ ಮುಂದೆ ಕೂತರು, ಕಂತು ಕಟ್ಟಲಾಗದೆ ಜನ ಊರು ಬಿಟ್ಟರು ಅನ್ನುವ ಸುದ್ದಿ ದಿನಾ ಬರುತ್ತಿತ್ತು. ಫೆಬ್ರವರಿ 12ರಂದು ಸರ್ಕಾರದ ಸುಗ್ರೀವಾಜ್ಞೆಗೆ ರಾಜ್ಯಪಾಲರ ಅಂಕಿತ ಬಿತ್ತು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಾಯಿತು.

ಇದಕ್ಕೆ ತದ್ವಿರುದ್ಧವಾದ ಸುದ್ದಿಯನ್ನೂ ನಾವು ಓದುತ್ತಿರುತ್ತೇವೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ಸಣ್ಣ ಸಾಲ ತೆಗೆದುಕೊಂಡು ಹೊಲಿಗೆ ಮೆಷಿನ್ ಕೊಂಡಳು, ಅಂಗಡಿ ಇಟ್ಟಳು, ಮಕ್ಕಳನ್ನು ಶಾಲೆಗೆ ಸೇರಿಸಿದಳು. ಬೋಸ್ನಿಯಾ, ರುವಾಂಡಾ, ಶ್ರೀಲಂಕಾ, ಅಫ್ಘಾನಿಸ್ತಾನ, ಎಲ್ಲ ಕಡೆಯಿಂದಲೂ ಇಂಥ ಕಥೆಗಳು ಬಂದಿವೆ. ಇಲ್ಲಿ ಕುತ್ತಿಗೆಗೆ ಬಂದ ಸಾಲ ಅಲ್ಲಿ ಬದುಕು ಕಟ್ಟಿಕೊಟ್ಟಿದ್ದು ಹೇಗೆ ಅಂತ ಬೆಂಗಳೂರಿನ ಓದುಗರು ಕೇಳಿದರೆ ತಪ್ಪಿಲ್ಲ. ಎರಡೂ ನಿಜವೇ. ಆದರೆ ಎರಡರ ನಡುವೆ ಏನು ವ್ಯತ್ಯಾಸ ಅನ್ನುವುದು ಸುದ್ದಿಯಲ್ಲಿ ಬರುವುದು ಕಡಿಮೆ.

ಮೊದಲು, ಕಿರುಸಾಲ ಅಂದರೆ ಏನು?

ಬ್ಯಾಂಕಿಗೆ ಸಾಲ ಕೇಳಲು ಹೋದರೆ ಮೊದಲು ಕೇಳುವುದು ಅಡಮಾನ. ಸೈಟು, ಮನೆ, ಒಡವೆ, ಏನಾದರೂ ಇಡಬೇಕು. ಇಲ್ಲದಿದ್ದರೆ ಸಂಬಳದ ಚೀಟಿ, ಜಾಮೀನುದಾರರು. ಇವು ಯಾವುವೂ ಇಲ್ಲದವರಿಗೆ ಕೊಡುವ ಸಣ್ಣ ಮೊತ್ತವೇ ಕಿರುಸಾಲ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಅದನ್ನು ವಿವರಿಸಿದೆ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತಲೂ ಅದೇ ನಿಯಮ ಹೇಳುತ್ತದೆ. ಈ ಅರ್ಧದ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಡಮಾನ ಇಲ್ಲ ಅಂದಮೇಲೆ ದುಡ್ಡು ವಾಪಸ್ ಬರುತ್ತದೆ ಅಂತ ಸಾಲ ಕೊಡುವವರಿಗೆ ಏನು ಧೈರ್ಯ? ಹಳೆಯ ಉಪಾಯಗಳು ಮೂರು. ಒಂದು, ಗುಂಪು: ಒಬ್ಬಳು ಕಟ್ಟದಿದ್ದರೆ ಉಳಿದವರು ಕೇಳುತ್ತಾರೆ. ಎರಡು, ವಾರವಾರದ ಸಣ್ಣ ಕಂತು: ಒಂದೇ ಸಲ ದೊಡ್ಡ ಮೊತ್ತ ಹೊಂದಿಸುವ ಕಷ್ಟವಿಲ್ಲ. ಮೂರು, ಮೆಟ್ಟಿಲು: ಮೊದಲು ಸಣ್ಣ ಸಾಲ, ಅದನ್ನು ತೀರಿಸಿದರೆ ದೊಡ್ಡದು. ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂ ಸ್ವನಿಧಿ ಯೋಜನೆ ಈ ಮೆಟ್ಟಿಲಿನದೇ. 2025ರವರೆಗೆ ಅದರಲ್ಲಿ ಮೊದಲು 10,000 ರೂಪಾಯಿ, ಆಮೇಲೆ 20,000, ಆಮೇಲೆ 50,000 ಕೊಡುತ್ತಿದ್ದರು.

ಇನ್ನು ಬಡ್ಡಿ. ಇಲ್ಲೇ ಜಾಸ್ತಿ ಜನ ಎಡವುವುದು. 10,000 ರೂಪಾಯಿ ಸಾಲ, ವಾರಕ್ಕೆ 220 ರೂಪಾಯಿಯಂತೆ 50 ವಾರ ಕಟ್ಟಬೇಕು ಅಂದುಕೊಳ್ಳಿ. ಒಟ್ಟು 11,000. ಬಡ್ಡಿ 10 ಪರ್ಸೆಂಟ್ ತಾನೇ ಅನ್ನಿಸುತ್ತದೆ. ಆದರೆ ಪೂರ್ತಿ 10,000 ಅವಳ ಕೈಯಲ್ಲಿ ವರ್ಷವಿಡೀ ಇರುವುದಿಲ್ಲ. ಮೊದಲ ವಾರದಿಂದಲೇ ಅಸಲು ವಾಪಸ್ ಹೋಗುತ್ತಿರುತ್ತದೆ. ಸರಾಸರಿ ಹಿಡಿದರೆ ಅವಳ ಹತ್ತಿರ ಇದ್ದದ್ದು ಸುಮಾರು 5,000 ಮಾತ್ರ. ಆ 5,000ಕ್ಕೆ 1,000 ಬಡ್ಡಿ ಅಂದರೆ ನಿಜವಾದ ದರ ಸುಮಾರು 20 ಪರ್ಸೆಂಟ್. ಬಾಯಲ್ಲಿ ಹೇಳುವ ದರಕ್ಕೂ ಕೈಯಿಂದ ಹೋಗುವ ದರಕ್ಕೂ ಇಷ್ಟು ಅಂತರ. ಆದರೂ ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ 900 ಪಡೆದು ಸಂಜೆ 1,000 ಕೊಡುವ ಮೀಟರ್ ಬಡ್ಡಿಯ ಮುಂದೆ ಇದು ಏನೇನೂ ಅಲ್ಲ. ಅದಕ್ಕೇ ಹೆಂಗಸರು ಈ ಸಾಲಕ್ಕೆ ಬರುವುದು.

ಹುಟ್ಟಿದ್ದೇ ಯುದ್ಧದ ಬೆನ್ನಿಗೆ

ಇವತ್ತಿನ ಕಿರುಸಾಲದ ಬೇರು ಇರುವುದು ಯುದ್ಧ ಮುಗಿದ ದೇಶವೊಂದರಲ್ಲಿ. 1971ರ ಯುದ್ಧದಲ್ಲಿ ಬಾಂಗ್ಲಾದೇಶ ಹುಟ್ಟಿತು. ಭಾರತಕ್ಕೆ ಓಡಿಬಂದಿದ್ದ ನಿರಾಶ್ರಿತರು ಊರಿಗೆ ಮರಳಿದಾಗ ಮನೆಯೂ ಇರಲಿಲ್ಲ, ಎತ್ತೂ ಇರಲಿಲ್ಲ. ಅವರಿಗೆ ನೆಲೆ ಕಲ್ಪಿಸಲು ಫಜ್ಲೆ ಹಸನ್ ಅಬೇದ್ 1972ರಲ್ಲಿ ಬ್ರ್ಯಾಕ್ ಸಂಸ್ಥೆ ಶುರು ಮಾಡಿದರು. 1974ರಲ್ಲಿ ಕ್ಷಾಮ ಬಂತು. 1976ರಲ್ಲಿ ಚಿತ್ತಗಾಂಗ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್ ಪಕ್ಕದ ಜೋಬ್ರಾ ಹಳ್ಳಿಯಲ್ಲಿ 42 ಜನರಿಗೆ ಒಟ್ಟು 856 ಟಾಕಾ ಸಾಲ ಕೊಟ್ಟರು. ಅವರಲ್ಲಿ ಬಿದಿರಿನ ಸ್ಟೂಲು ಹೆಣೆಯುವ ಹೆಂಗಸರಿದ್ದರು. ಬಿದಿರು ಕೊಳ್ಳಲು ದುಡ್ಡಿಲ್ಲದೆ ದಲ್ಲಾಳಿಯಿಂದ ಪಡೆದು, ಅವನು ಹೇಳಿದ ಬೆಲೆಗೆ ಅವನಿಗೇ ಮಾರುತ್ತಿದ್ದರು. 1983ರಲ್ಲಿ ಇದು ಗ್ರಾಮೀಣ ಬ್ಯಾಂಕ್ ಆಯಿತು. ಐದು ಜನರ ಗುಂಪು, ಮೊದಲು ಇಬ್ಬರಿಗೆ, ಅವರು ಕಟ್ಟಿದ ಮೇಲೆ ಇನ್ನಿಬ್ಬರಿಗೆ, ಕೊನೆಗೆ ಗುಂಪಿನ ಮುಖ್ಯಸ್ಥೆಗೆ ಸಾಲ, ಇದು ಆಗಿನ ಕ್ರಮ. 2006ರ ನೊಬೆಲ್ ಶಾಂತಿ ಪ್ರಶಸ್ತಿ ಯೂನುಸ್ ಮತ್ತು ಬ್ಯಾಂಕ್ ಇಬ್ಬರಿಗೂ ಬಂತು.

ನಮ್ಮ ಕಡೆಯ ಕಥೆಯೂ ನಿರಾಶ್ರಿತರಿಂದಲೇ ಶುರು. ಬೆಂಗಳೂರಿನ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದು ಟಿಬೆಟ್‌ನಿಂದ ಬಂದವರಿಗೆ ಕರ್ನಾಟಕದಲ್ಲಿ ಪುನರ್ವಸತಿ ಮಾಡಿಕೊಡಲು. ಆ ಕೆಲಸ ಮುಗಿದ ಮೇಲೆ ಅದು ಹಳ್ಳಿಯ ಬಡವರ ಕಡೆ ತಿರುಗಿತು. 1980ರ ದಶಕದ ನಡುವೆ ದೊಡ್ಡ ಸಹಕಾರ ಸಂಘಗಳು ಜಗಳವಾಡಿ ಒಡೆದುಹೋದಾಗ, ಪರಸ್ಪರ ನಂಬಿಕೆ ಇದ್ದವರು ಸಣ್ಣ ಸಣ್ಣ ಗುಂಪಾಗಿ ಉಳಿದರು. ತಾವೇ ಉಳಿತಾಯ ಮಾಡಿ, ತಮ್ಮಲ್ಲೇ ಸಾಲ ಕೊಟ್ಟುಕೊಂಡರು. ಇವತ್ತು ಮನೆ ಮನೆಗೂ ಗೊತ್ತಿರುವ ಸ್ವಸಹಾಯ ಸಂಘದ ಮೊದಲ ರೂಪಗಳಲ್ಲಿ ಇದು ಒಂದು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಇಂಥ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಅಂದ ಹಾಗೆ, ಚಳಿಗಾಲ ಬಂದರೆ ಬೆಂಗಳೂರಿನಲ್ಲಿ ಸ್ವೆಟರ್ ಮಾರುವ ಟಿಬೆಟನ್ ಹೆಂಗಸರನ್ನು ನೋಡಿರುತ್ತೀರಿ, ಅಲ್ವಾ? ಆ ವ್ಯಾಪಾರ ನಡೆಯುವುದೂ ಸಾಲದ ಮೇಲೆಯೇ. ಲೂಧಿಯಾನದ ಸಗಟು ವ್ಯಾಪಾರಿಗಳು ಮಾಲನ್ನು ಸಾಲಕ್ಕೆ ಕೊಡುತ್ತಾರೆ, ಸೀಸನ್ ಮುಗಿದ ಮೇಲೆ ಲೆಕ್ಕ ತೀರಿಸಬೇಕು.

ಗಂಡ ಸತ್ತನೋ ಬದುಕಿದ್ದಾನೋ, ಕಾಗದ ಏನು ಹೇಳುತ್ತದೆ?

ಯುದ್ಧದಲ್ಲಿ ಗಂಡಸರು ಸಾಯುತ್ತಾರೆ, ಜೈಲು ಸೇರುತ್ತಾರೆ, ಕಾಣೆಯಾಗುತ್ತಾರೆ. ಮನೆ ಹೊರುವುದು ಹೆಂಗಸು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮನೆಯ ಹೊಣೆ ಬಂದ ಕೂಡಲೇ ಮನೆಯ ಹಕ್ಕು ಬರುವುದಿಲ್ಲ.

ಶ್ರೀಲಂಕಾದ ಯುದ್ಧ 1983ರಿಂದ 2009ರ ಮೇ ತನಕ ನಡೆಯಿತು. ಉತ್ತರ ಮತ್ತು ಪೂರ್ವ ಭಾಗದಲ್ಲಿ ಸುಮಾರು 89,000 ಯುದ್ಧ ವಿಧವೆಯರಿದ್ದಾರೆ ಎಂದು 2010ರಲ್ಲಿ ಅಲ್ಲಿನ ಸರ್ಕಾರದ ಕಡೆಯಿಂದಲೇ ಲೆಕ್ಕ ಬಂತು. ಇದರ ಜೊತೆಗೆ ಕಾಣೆಯಾದವರ ಹೆಂಡಂದಿರು. ಜಮೀನು, ಬ್ಯಾಂಕ್ ಖಾತೆ, ಪಿಂಚಣಿ ಯಾವುದಕ್ಕೆ ಹೋದರೂ ಗಂಡನ ಮರಣ ಪ್ರಮಾಣಪತ್ರ ಕೇಳುತ್ತಾರೆ. ಅದಕ್ಕೆ ಅರ್ಜಿ ಹಾಕುವುದೆಂದರೆ ಗಂಡ ಸತ್ತ ಅಂತ ತಾನೇ ಬರೆದುಕೊಟ್ಟ ಹಾಗೆ. ಹುಡುಕಾಟವನ್ನೂ ಅಲ್ಲಿಗೇ ಬಿಟ್ಟ ಹಾಗೆ. ಎಷ್ಟೋ ಹೆಂಗಸರು ಒಪ್ಪಲಿಲ್ಲ. ಕೊನೆಗೆ 2016ರಲ್ಲಿ ಕಾನೂನು ತಿದ್ದಿ, 'ಕಾಣೆಯಾಗಿದ್ದಾರೆ' ಎಂಬ ಬೇರೆಯದೇ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಬಂತು. ಯುದ್ಧ ಮುಗಿದು ಏಳು ವರ್ಷವಾಗಿತ್ತು.

ರುವಾಂಡಾದಲ್ಲಿ ತೊಡಕು ಜಮೀನಿನದು. 1994ರ ಹತ್ಯಾಕಾಂಡದ ನಂತರ ಹಳ್ಳಿಗೆ ಮರಳಿದ ವಿಧವೆಯರಿಗೆ ಗಂಡನ ಹೊಲದ ಮೇಲೆ ಸಂಪ್ರದಾಯದ ಪ್ರಕಾರ ಹಕ್ಕು ಇರಲಿಲ್ಲ. ಅದು ಗಂಡನ ಅಣ್ಣತಮ್ಮಂದಿರಿಗೆ ಹೋಗುತ್ತಿತ್ತು. 1999ರ ಉತ್ತರಾಧಿಕಾರ ಕಾನೂನು ಹೆಣ್ಣುಮಕ್ಕಳಿಗೂ ಆಸ್ತಿಯ ಹಕ್ಕು ಕೊಟ್ಟಿತು. ಇಲ್ಲಿ ಇ-ಖಾತಾಗೆ ಓಡಾಡಿದವರಿಗೆ ಕಾಗದದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಹೆಸರಿನಲ್ಲಿ ಏನೂ ಇಲ್ಲದವಳಿಗೆ ದೊಡ್ಡ ಬ್ಯಾಂಕಿನ ಬಾಗಿಲು ತೆರೆಯುವುದಿಲ್ಲ. ಅವಳಿಗೆ ಉಳಿಯುವುದು ಅಡಮಾನ ಕೇಳದ ಕಿರುಸಾಲ, ಇಲ್ಲವೇ ಕೈಸಾಲ.

ಸಾಲ ಹೆಂಗಸರ ಹೆಸರಿಗೇ ಹೆಚ್ಚು ಹೋಗುವುದಕ್ಕೆ ಇನ್ನೂ ಒಂದು ಕಾರಣವಿದೆ, ಅದು ಅಷ್ಟೇನೂ ಚಂದದ್ದಲ್ಲ. ಹೆಂಗಸರು ಊರು ಬಿಟ್ಟು ಓಡುವುದು ಕಡಿಮೆ, ಮರ್ಯಾದೆಗೆ ಅಂಜುವುದು ಜಾಸ್ತಿ. ಹಾಗಾಗಿ ಅವರಿಂದ ವಸೂಲಿ ಸುಲಭ.

ಸಾಲಕ್ಕಿಂತ ಮೊದಲು ಬೇಕಾದದ್ದು

ಸಾಲ ತೀರುವುದು ಎಲ್ಲಿಂದ? ವ್ಯಾಪಾರದ ಲಾಭದಿಂದ. ವ್ಯಾಪಾರ ಆಗಬೇಕಾದರೆ ಕೊಳ್ಳುವವರು ಬೇಕು, ಸಂತೆಗೆ ಹೋಗಲು ದಾರಿ ಬೇಕು, ದಾರಿಯಲ್ಲಿ ನೆಲಬಾಂಬು ಇರಬಾರದು, ಕಂತಿನ ದಿನದವರೆಗೆ ಮನೆಯಲ್ಲಿ ಊಟಕ್ಕಿರಬೇಕು. ಸಾಲ ಅನ್ನುವುದು ಹೆಪ್ಪಿನ ಹಾಗೆ. ಬೆಚ್ಚಗಿನ ಹಾಲಿದ್ದರೆ ಒಂದು ಚಮಚ ಸಾಕು, ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಮೊಸರು. ಬರಿ ಪಾತ್ರೆಗೆ ಎಷ್ಟು ಹೆಪ್ಪು ಹಾಕಿದರೂ ಹೆಪ್ಪೇ ಹಾಳು. ಯುದ್ಧ ಆಗಷ್ಟೇ ನಿಂತ ಊರಿನಲ್ಲಿ ತೀರಾ ಬಡವಳಾದ ಹೆಂಗಸಿನ ಪಾತ್ರೆ ಹೆಚ್ಚಾಗಿ ಬರಿದಾಗಿರುತ್ತದೆ.

ಅಂಥವಳಿಗೆ ಮೊದಲು ಬೇಕಾದದ್ದು ತೀರಿಸಬೇಕಿಲ್ಲದ ದುಡ್ಡು. ಉತ್ತರ ಉಗಾಂಡಾದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಲ್ಲಿ ಎರಡು ದಶಕ ಬಂಡುಕೋರರ ಯುದ್ಧ ನಡೆದು, ಜನರೆಲ್ಲ ಶಿಬಿರಗಳಲ್ಲಿದ್ದರು. ಅವರು ಊರಿಗೆ ಮರಳಿದ ಮೇಲೆ, 2009ರಲ್ಲಿ, 120 ಹಳ್ಳಿಗಳಿಂದ 1,800 ಕಡುಬಡವರನ್ನು ಆರಿಸಿದರು. ಹೆಚ್ಚಿನವರು ಹೆಂಗಸರೇ. ಐದು ದಿನದ ವ್ಯಾಪಾರದ ತರಬೇತಿ, ಸುಮಾರು 150 ಡಾಲರ್ ನಗದು, ಆಮೇಲೆ ಆಗಾಗ ಬಂದು ವಿಚಾರಿಸುವ ಒಬ್ಬ ಕಾರ್ಯಕರ್ತ. ಅರ್ಧ ಹಳ್ಳಿಗಳಿಗೆ ಮೊದಲು ಕೊಟ್ಟು, ಉಳಿದ ಅರ್ಧಕ್ಕೆ ಆಮೇಲೆ ಕೊಟ್ಟರು, ಹೋಲಿಸಿ ನೋಡಲು ಅನುಕೂಲವಾಗಲಿ ಅಂತ. 16 ತಿಂಗಳ ನಂತರ ನೋಡಿದರೆ, ಮೊದಲು ಪಡೆದವರಲ್ಲಿ ಸ್ವಂತ ವ್ಯಾಪಾರ ಇದ್ದವರು ಇನ್ನೊಂದು ಗುಂಪಿಗಿಂತ ಸುಮಾರು ಎರಡು ಪಟ್ಟು. ಆದಾಯವೂ ಹಾಗೆಯೇ. ಕೆಲವು ಹಳ್ಳಿಗಳಲ್ಲಿ ಗುಂಪು ಕಟ್ಟಿಕೊಳ್ಳುವಂತೆ ಹುರಿದುಂಬಿಸಿದ್ದರು. ಅಲ್ಲಿ ಗಳಿಕೆ ಇನ್ನೂ ಏರಿತ್ತು.

ಬ್ರ್ಯಾಕ್ ಇದೇ ಯೋಚನೆಯನ್ನು 2002ರಲ್ಲೇ ಮೆಟ್ಟಿಲಾಗಿ ಜೋಡಿಸಿತ್ತು. ಮೊದಲು ಹಸು, ಮೇಕೆ, ಕೋಳಿಯಂಥ ಆಸ್ತಿ ಉಚಿತವಾಗಿ. ಅದು ಫಲ ಕೊಡುವವರೆಗೆ ಹೊಟ್ಟೆಪಾಡಿಗೆ ಸ್ವಲ್ಪ ಹಣ. ಜೊತೆಗೆ ತರಬೇತಿ, ಉಳಿತಾಯ. ಸಾಲದ ಮಾತು ಕೊನೆಗೆ. ಸಾಲ ಕೊಡುವುದರಲ್ಲೇ ಹೆಸರು ಮಾಡಿದ ಸಂಸ್ಥೆಯೇ ಕಡುಬಡವರಿಗೆ ಮೊದಲು ಸಾಲ ಬೇಡ ಎಂದು ತೀರ್ಮಾನಿಸಿತು ಅನ್ನುವುದು ಗಮನಿಸಬೇಕಾದ ಮಾತು.

ಮೊದಲ ಕಂತು ಯಾವಾಗ ಅನ್ನುವುದೂ ಅಷ್ಟೇ ಮುಖ್ಯ. ಹೊಲಿಗೆ ಮೆಷಿನ್ ಕೊಂಡವಳಿಗೆ ಎರಡನೇ ವಾರವೇ ಸ್ವಲ್ಪ ದುಡ್ಡು ಬರಬಹುದು. ಕರು ಸಾಕುವವಳಿಗೆ, ಈರುಳ್ಳಿ ಬೆಳೆಯುವವಳಿಗೆ ತಿಂಗಳುಗಟ್ಟಲೆ ಬರುವುದಿಲ್ಲ. ಮುಂದಿನ ವಾರದಿಂದಲೇ ಕಂತು ಅಂದರೆ ಅವಳು ಸಾಲದ ದುಡ್ಡಿನಿಂದಲೇ ಕಂತು ಕಟ್ಟುತ್ತಾಳೆ. ಬಂಡವಾಳ ಹೀಗೇ ಕರಗುತ್ತದೆ.

ಧರ್ಮದ ನಂಬಿಕೆಯೂ ಲೆಕ್ಕಕ್ಕೆ ಬರುತ್ತದೆ. ಬಡ್ಡಿ ಪಾಪ ಎಂದು ನಂಬುವ ಅಫ್ಘಾನಿಸ್ತಾನದಂಥ ಕಡೆ ಮುರಾಬಹಾ ಎಂಬ ಪದ್ಧತಿ ಇದೆ. ಸಂಸ್ಥೆಯೇ ಮೆಷಿನ್ ಕೊಂಡು, ಲಾಭ ಸೇರಿಸಿದ ಬೆಲೆಗೆ ಅವಳಿಗೆ ಮಾರುತ್ತದೆ. ಅವಳು ಬೆಲೆಯನ್ನು ಕಂತಿನಲ್ಲಿ ಕಟ್ಟುತ್ತಾಳೆ. ಆದರೆ ಅಲ್ಲಿ ಈಗ ಕಷ್ಟ ಬೇರೆಯೇ. 2023ರ ಜುಲೈನಲ್ಲಿ ತಾಲಿಬಾನ್ ಸರ್ಕಾರ ದೇಶದ ಬ್ಯೂಟಿ ಪಾರ್ಲರ್‌ಗಳನ್ನೆಲ್ಲ ಮುಚ್ಚಿಸಿತು. ಹೆಂಗಸರು ವರ್ಷಗಟ್ಟಲೆ ದುಡಿದು ಕಟ್ಟಿಕೊಂಡ ವ್ಯಾಪಾರ ಒಂದೇ ಆಜ್ಞೆಗೆ ಹೋಯಿತು.

ಸಾಲ ಉರುಳಾಗುವುದು ಹೇಗೆ?

ಬೋಸ್ನಿಯಾದ ಯುದ್ಧ 1995ರ ಕೊನೆಯಲ್ಲಿ ಮುಗಿಯಿತು. ಮರು ವರ್ಷವೇ ವಿಶ್ವಬ್ಯಾಂಕಿನ ನೆರವಿನಿಂದ ಕಿರುಸಾಲ ಸಂಸ್ಥೆಗಳು ಶುರುವಾದವು. ಸ್ರೆಬ್ರೆನಿಚಾ ಊರಿನ ಹತ್ಯಾಕಾಂಡದಲ್ಲಿ ಗಂಡ, ಮಕ್ಕಳನ್ನು ಕಳೆದುಕೊಂಡ ಹೆಂಗಸರು ತುಜ್ಲಾ ನಗರಕ್ಕೆ ಬಂದು ಸೇರಿದ್ದರು. ಅಲ್ಲಿ ಹೆಂಗಸರಿಗಾಗಿಯೇ ಸಾಲ ಕೊಡುವ ಸಂಸ್ಥೆ ಹುಟ್ಟಿತು. ಮೊದಲ ವರ್ಷಗಳಲ್ಲಿ ಇದು ಚೆನ್ನಾಗಿಯೇ ನಡೆಯಿತು. ಅಂಗಡಿಗಳು ಸುಟ್ಟುಹೋದ ಊರಿನಲ್ಲಿ ಏನು ಮಾರಿದರೂ ಕೊಳ್ಳುವವರಿದ್ದರು.

ಹತ್ತು ವರ್ಷ ಕಳೆದಾಗ ಚಿತ್ರ ಬದಲಾಗಿತ್ತು. ಸಂಸ್ಥೆಗಳು ಜಾಸ್ತಿಯಾದವು, ಗಿರಾಕಿಗಳು ಅಷ್ಟೇ ಜನ. ಒಬ್ಬರೇ ಮೂರು ನಾಲ್ಕು ಕಡೆ ಸಾಲ ಎತ್ತಿದರು, ಒಂದರ ಕಂತಿಗೆ ಇನ್ನೊಂದು. 2008ರ ಜಾಗತಿಕ ಆರ್ಥಿಕ ಕುಸಿತ ಬಂದಾಗ ಸರಪಳಿ ಕಿತ್ತುಕೊಂಡಿತು. ಜಾಮೀನು ಹಾಕಿದ್ದ ನೆಂಟರ, ನೆರೆಯವರ ಸಂಬಳಕ್ಕೂ ಕತ್ತರಿ ಬಿತ್ತು. ಅಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಸಾಲ ಪಡೆದ ಮನೆಗಳಲ್ಲಿ ಸ್ವಂತ ಉದ್ಯೋಗ ಹೆಚ್ಚಿದ್ದು ಕಂಡಿತು. ಆದರೆ ಕೈಯಲ್ಲಿದ್ದ ಉಳಿತಾಯ ಕರಗಿತ್ತು, 16ರಿಂದ 19 ವರ್ಷದ ಕೆಲವು ಮಕ್ಕಳು ಓದು ಬಿಟ್ಟು ಮನೆಯ ವ್ಯಾಪಾರಕ್ಕೆ ನಿಂತಿದ್ದರು.

ಶ್ರೀಲಂಕಾದಲ್ಲಿ ಇನ್ನೂ ಕಹಿಯಾಯಿತು. ಯುದ್ಧ ಮುಗಿದು ರಸ್ತೆ ತೆರೆಯುತ್ತಿದ್ದಂತೆ ಹಣಕಾಸು ಕಂಪನಿಗಳು ಉತ್ತರಕ್ಕೆ ಸಾಲುಗಟ್ಟಿ ಬಂದವು. ಮನೆ ಬಾಗಿಲಿಗೇ ಸಾಲ. ಉದ್ಯೋಗ ಇರಲಿಲ್ಲ, ಸಂತೆ ಸರಿಯಾಗಿರಲಿಲ್ಲ, ಸಾಲ ಮಾತ್ರ ಧಾರಾಳ. ಮನೆ ರಿಪೇರಿಗೆ, ಆಸ್ಪತ್ರೆಗೆ, ಅಕ್ಕಿಗೆ ಅದು ಖರ್ಚಾಯಿತು. ಮೇಲೆ ಬರಗಾಲ ಬಿತ್ತು. 2018ರಲ್ಲಿ ಸರ್ಕಾರ ಬರಪೀಡಿತ 12 ಜಿಲ್ಲೆಗಳ ಹೆಂಗಸರ 1 ಲಕ್ಷ ಶ್ರೀಲಂಕಾ ರೂಪಾಯಿಗಿಂತ ಕಡಿಮೆಯ ಬಾಕಿ ಸಾಲಗಳನ್ನು ಮನ್ನಾ ಮಾಡುವುದಾಗಿ ಹೇಳಿತು. ಬಡ್ಡಿಗೆ 35 ಪರ್ಸೆಂಟ್ ಮಿತಿ ಹಾಕಿತು. ಮಿತಿಯೇ 35 ಅಂದರೆ ಅದಕ್ಕೆ ಮೊದಲು ಹೇಗಿತ್ತು ಅಂತ ನೀವೇ ಊಹಿಸಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಭೇಟಿ ಕೊಟ್ಟ ವಿಶ್ವಸಂಸ್ಥೆಯ ತಜ್ಞ ಹುವಾನ್ ಪಾಬ್ಲೋ ಬೊಹೊಸ್ಲಾವ್ಸ್ಕಿ, ಕಂತು ಕಟ್ಟಲಾಗದ ಹೆಂಗಸರ ಮೇಲೆ ವಸೂಲಿಯವರು ಲೈಂಗಿಕ ಒತ್ತಡ ಹಾಕಿದ ದೂರುಗಳನ್ನೂ ದಾಖಲಿಸಿದರು.

ಎರಡೂ ಕಡೆ ಕೆಟ್ಟದ್ದು ಒಂದೇ ರೀತಿ. ಸಾಲ ಕೊಡುವಾಗ ಅವಳ ವ್ಯಾಪಾರದಲ್ಲಿ ಎಷ್ಟು ಮಿಗುತ್ತದೆ, ಬೇರೆ ಎಲ್ಲಿ ಸಾಲ ಇದೆ ಅಂತ ಯಾರೂ ಸರಿಯಾಗಿ ನೋಡಲಿಲ್ಲ. ನಮ್ಮ ರಿಸರ್ವ್ ಬ್ಯಾಂಕಿನ 'ಆದಾಯದ ಅರ್ಧ ದಾಟಬಾರದು' ಎಂಬ ನಿಯಮ ತಡೆಯಲು ಹೊರಟಿದ್ದು ಇದನ್ನೇ. ಕಂಪನಿಯ ಏಜೆಂಟರಿಗೆ ಎಷ್ಟು ಜನರಿಗೆ ಸಾಲ ಹಂಚಿದ್ದೀರಿ ಎಂಬ ಟಾರ್ಗೆಟ್ ಇರುವವರೆಗೆ ಆ ನಿಯಮ ಪುಸ್ತಕದಲ್ಲೇ ಉಳಿಯುವ ಭಯ ಇದ್ದದ್ದೇ.

ಹಾಗಾದರೆ ಸಾಲದಿಂದ ಉಪಯೋಗ ಎಷ್ಟು?

ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರೊಕ್ಕೊ, ಈ ಆರು ದೇಶಗಳ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಭಾರತದ್ದು ಹೈದರಾಬಾದಿನ 104 ಬಡಾವಣೆಗಳಲ್ಲಿ ನಡೆದದ್ದು. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅದರಲ್ಲಿದ್ದರು. ಆರೂ ಕಡೆ ಸಿಕ್ಕ ಉತ್ತರ ಹೆಚ್ಚುಕಡಿಮೆ ಒಂದೇ: ಸ್ವಲ್ಪ ಒಳ್ಳೆಯದಾಗುತ್ತದೆ, ಬದುಕೇ ಬದಲಾಗುವುದಿಲ್ಲ. ಆಗಲೇ ವ್ಯಾಪಾರ ಮಾಡುತ್ತಿದ್ದವರಿಗೆ ಜಾಸ್ತಿ ಉಪಯೋಗ. ಕಷ್ಟದ ತಿಂಗಳನ್ನು ದಾಟಲು, ಫ್ರಿಜ್ಜೋ ತಳ್ಳುಗಾಡಿಯೋ ಕೊಳ್ಳಲು ನೆರವಾಗುತ್ತದೆ. ಬಡತನದಿಂದ ಎತ್ತುವುದು ಸುಲಭವಲ್ಲ.

ಪತ್ರಿಕೆಯಲ್ಲಿ ಬರುವ ಗೆದ್ದ ಹೆಂಗಸಿನ ಕಥೆ ಸುಳ್ಳಲ್ಲ. ಅವಳು ಹೆಚ್ಚಾಗಿ ಯುದ್ಧಕ್ಕೆ ಮುಂಚೆಯೇ ಹೊಲಿಗೆಯನ್ನೋ ಬೇಕರಿ ಕೆಲಸವನ್ನೋ ಕಲಿತಿದ್ದವಳು. ಕಲಿತ ಕೈಗೆ ಬಂಡವಾಳ ಸಿಕ್ಕಿತು.

ಸಾಲಕ್ಕಿಂತ ಉಳಿತಾಯ ಮೊದಲು

ಹೊರಗಿನ ದುಡ್ಡೇ ಇಲ್ಲದೆ ನಡೆಯುವ ದಾರಿಯೂ ಇದೆ. ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ 1991ರಲ್ಲಿ ನೈಜರ್ ದೇಶದಲ್ಲಿ ಶುರು ಮಾಡಿದ ಹಳ್ಳಿ ಉಳಿತಾಯ ಗುಂಪುಗಳು ಆಮೇಲೆ ಯುದ್ಧ ಕಂಡ ಹಲವು ಆಫ್ರಿಕಾ ದೇಶಗಳಿಗೂ ಹಬ್ಬಿದವು. 15ರಿಂದ 25 ಜನ ಸೇರುತ್ತಾರೆ. ವಾರವಾರ ಕೈಲಾದಷ್ಟು ಹಾಕುತ್ತಾರೆ. ಕಬ್ಬಿಣದ ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಮೂವರ ಹತ್ತಿರ. ಎಲ್ಲರೂ ಕೂತಾಗ ಮಾತ್ರ ಪೆಟ್ಟಿಗೆ ತೆರೆಯುತ್ತದೆ. ಬೇಕಾದವರಿಗೆ ಸಾಲ, ಬಡ್ಡಿ ಎಷ್ಟು ಅಂತ ಅವರೇ ತೀರ್ಮಾನಿಸುತ್ತಾರೆ. ವರ್ಷದ ಕೊನೆಗೆ ಅಸಲು ಬಡ್ಡಿ ಎರಡನ್ನೂ ಹಂಚಿಕೊಳ್ಳುತ್ತಾರೆ. ಬಡ್ಡಿ ಊರು ಬಿಟ್ಟು ಹೋಗುವುದಿಲ್ಲ, ಏಜೆಂಟ್ ಬಂದು ಬಾಗಿಲು ಬಡಿಯುವುದಿಲ್ಲ. ಮೊತ್ತ ಸಣ್ಣದು ಅನ್ನುವುದೇ ಇದರ ಮಿತಿ. ಇಡೀ ಊರೇ ಬಡತನದಲ್ಲಿದ್ದರೆ ಪೆಟ್ಟಿಗೆಗೆ ಬೀಳುವುದೂ ಅಷ್ಟರಲ್ಲೇ ಇರುತ್ತದೆ.

ನೀವೂ ದುಡ್ಡು ಹಾಕಬೇಕು ಅಂದುಕೊಂಡರೆ

ದೂರದ ಹೆಂಗಸಿನ ಫೋಟೊ ನೋಡಿ ಅವಳಿಗೆ 25 ಡಾಲರ್ ಸಾಲ ಕೊಡಬಹುದಾದ ಕೀವಾ ಎಂಬ ವೇದಿಕೆ ಅಮೆರಿಕದಲ್ಲಿ 2005ರಲ್ಲಿ ಶುರುವಾಯಿತು. ಅಲ್ಲಿರುವ ಬೆಂಗಳೂರಿನ ಮಕ್ಕಳು ಇದರ ಬಗ್ಗೆ ಮನೆಯವರಿಗೆ ಹೇಳಿರಬಹುದು. ಇದರಲ್ಲಿ ಕೊಟ್ಟವರಿಗೆ ಬಡ್ಡಿ ಬರುವುದಿಲ್ಲ, ಅಸಲು ಬರಬಹುದು, ಬರದೆಯೂ ಇರಬಹುದು. ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಫೋಟೊದಲ್ಲಿರುವ ಹೆಂಗಸಿಗೆ ಸ್ಥಳೀಯ ಸಂಸ್ಥೆ ಹೆಚ್ಚಾಗಿ ಮೊದಲೇ ಸಾಲ ಕೊಟ್ಟಾಗಿರುತ್ತದೆ, ನಿಮ್ಮ ದುಡ್ಡು ಆ ಸಂಸ್ಥೆಯ ಕೈಗೆ ಹೋಗುತ್ತದೆ. ಇನ್ನೊಂದು, ನಿಮಗೆ ಬಡ್ಡಿ ಬರದಿದ್ದರೂ ಅವಳು ಆ ಸಂಸ್ಥೆಗೆ ಬಡ್ಡಿ ಕಟ್ಟುತ್ತಿರಬಹುದು.

ಇಂಥ ಯಾವುದೇ ಮನವಿ ಬಂದರೂ, ಕೊಡುತ್ತಿರುವುದು ಸಾಲವೋ ಸಹಾಯಧನವೋ ಅಂತ ಮೊದಲು ನೋಡಿ. ಸಾಲವಾದರೆ ಅವಳು ಕಟ್ಟುವ ನಿಜವಾದ ದರ ಎಷ್ಟು, ಮೊದಲ ಕಂತು ಯಾವಾಗ, ಬೆಳೆ ಕೈಕೊಟ್ಟರೆ ಕಂತು ಮುಂದೂಡುತ್ತಾರಾ, ವಸೂಲಿಯವರ ಮೇಲೆ ದೂರು ಕೊಡಲು ಅವಳಿಗೆ ಜಾಗ ಇದೆಯಾ ಅಂತ ಕೇಳಿ. ಕೀವಾದಲ್ಲಾದರೆ ಸಂಸ್ಥೆಯ ಪುಟದಲ್ಲಿ ಸಾಲದ ಸರಾಸರಿ ವೆಚ್ಚ ಬರೆದಿರುತ್ತಾರೆ. ಕೆಳಗೆ ಎಲ್ಲೋ ಇರುತ್ತದೆ, ಹುಡುಕಬೇಕು.